ಸಂಪಾದಕರ ಉತ್ತರ: ಪೆಟ್ಟಿಗೆಯ ತಳದ ಲೈಸೆನ್ಸ್ ಪುಸ್ತಕ, ಮಗಳ ಡ್ರೈವಿಂಗ್ ಪಾಠ

ಪೆರ್ಲ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: ‘ಹಳೆಮನೆಯ ಮಾಡು ಇಳಿಸುವಾಗ ಪೆಟ್ಟಿಗೆಯ ತಳದಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸ್ ಪುಸ್ತಕ ಸಿಕ್ಕಿತು. 1986ರಲ್ಲಿ, 25ನೇ ವಯಸ್ಸಿನಲ್ಲಿ ಮಂಗಳೂರಿನಲ್ಲಿ ಮಾಡಿಸಿದ್ದು. ಮೊದಲು ಬೈಕು, ಕಾರು. ಆಮೇಲೆ ಲಾರಿಯೂ ಸೇರಿತು. 1996ರಲ್ಲಿ ನವೀಕರಿಸಿದ ಮೊಹರಿನಲ್ಲಿ 2011ರ ವರೆಗೆ ಎಂದಿದೆ. ಅನಂತರ ಕೊಲ್ಲಿ ದೇಶದಲ್ಲಿದ್ದೆ, ಈಗ ಊರಿಗೆ ಬಂದು ನೆಲೆಸಿದ್ದೇನೆ. ಈ ಪುಸ್ತಕಕ್ಕೆ ಇನ್ನು ಬೆಲೆ ಇದೆಯೇ? ಕಾಸರಗೋಡಿನಲ್ಲೇ ನವೀಕರಿಸಬಹುದೇ? ಮಗಳು ಡ್ರೈವಿಂಗ್ ಶಾಲೆಗೆ ಸೇರಿದ್ದಾಳೆ, ಅಲ್ಲಿ ಎಚ್ ಹಾಕುವುದು ಬಿಟ್ಟರೆ ಬೇರೇನೂ ಕಲಿಸುತ್ತಿಲ್ಲ. ನಾವು ಜೀಪು, ಅಂಬಾಸಿಡರ್‌ಗಳಲ್ಲಿ ಕಲಿತದ್ದರಲ್ಲಿ ಅವಳಿಗೆ ಯಾವುದು ಬೇಕು, ಯಾವುದು ಬೇಡ?’

ಪುಸ್ತಕಕ್ಕೆ ಬೆಲೆ ಇದೆ, ಆದರೆ ಅದನ್ನು ಕಿಸೆಯಲ್ಲಿಟ್ಟುಕೊಂಡು ಬದಿಯಡ್ಕದ ತನಕವೂ ಗಾಡಿ ಓಡಿಸಬೇಡಿ. ಅವಧಿ ಮುಗಿದ ಲೈಸೆನ್ಸ್‌ನಲ್ಲಿ ಓಡಿಸುವುದೂ ಲೈಸೆನ್ಸ್ ಇಲ್ಲದೆ ಓಡಿಸುವುದೂ ಕಾನೂನಿನ ಕಣ್ಣಿಗೆ ಒಂದೇ. ದಂಡ 5,000 ರೂಪಾಯಿ. ಅದಕ್ಕಿಂತ ದೊಡ್ಡ ಅಪಾಯ ಅಪಘಾತವಾದರೆ ವಿಮೆಯಲ್ಲಿ ಬರುವ ತಕರಾರು.

ನಿಮ್ಮ ಮೊಹರಿನಲ್ಲಿ 2011 ಎಂದಿರುವುದಕ್ಕೆ ಕಾರಣ ಇದೆ. 1988ರ ಮೋಟಾರು ವಾಹನ ಕಾಯ್ದೆ ಜಾರಿಗೆ ಬಂದದ್ದು 1989ರ ಜುಲೈ 1ಕ್ಕೆ. ನಿಮ್ಮ ಪುಸ್ತಕ ಹುಟ್ಟಿದ್ದು ಅದಕ್ಕೂ ಹಿಂದಿನ 1939ರ ಕಾಯ್ದೆಯಡಿ. ನೀವು 1996ರಲ್ಲಿ ನವೀಕರಿಸುವಾಗ ಇದ್ದ ನಿಯಮದಂತೆ ಖಾಸಗಿ ವಾಹನದ ಲೈಸೆನ್ಸ್‌ಗೆ 20 ವರ್ಷ ಅಥವಾ 50 ವಯಸ್ಸು ತುಂಬುವ ದಿನ, ಯಾವುದು ಮೊದಲೋ ಅಲ್ಲಿವರೆಗೆ ಅವಧಿ. ನಿಮಗೆ 50 ತುಂಬಿದ್ದು 2011ರಲ್ಲಿ. ಲಾರಿಯ ಭಾಗಕ್ಕೆ ಆಗ ಮೂರೇ ವರ್ಷದ ಅವಧಿ, ಆದ್ದರಿಂದ ಅದು ಮೊದಲೇ ಮುಗಿದಿರುತ್ತದೆ. ಪುಸ್ತಕದಲ್ಲಿ ‘ಹೆವಿ ಗೂಡ್ಸ್’ ಎಂದು ಕಂಡರೆ ಗಾಬರಿ ಬೇಡ. 1994ರ ನವೆಂಬರ್ 14ರಿಂದ ಮೀಡಿಯಂ, ಹೆವಿ ಎಂಬ ವಿಂಗಡಣೆಗಳೆಲ್ಲ ‘ಟ್ರಾನ್ಸ್‌ಪೋರ್ಟ್’ ಎಂಬ ಒಂದೇ ವರ್ಗಕ್ಕೆ ಸೇರಿವೆ. ಲಾರಿ ಬೇಡ, ತೋಟದ ಅಡಿಕೆ ಸಾಗಿಸಲು ಪಿಕಪ್ ಸಾಕು ಎಂದಾದರೆ ಟ್ರಾನ್ಸ್‌ಪೋರ್ಟ್ ವರ್ಗದ ಹಿಂದೆ ಹೋಗುವ ಅಗತ್ಯವೂ ಇಲ್ಲ. 7,500 ಕಿಲೋ ಮೀರದ ವಾಣಿಜ್ಯ ವಾಹನಗಳಿಗೆ ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿದಿದೆ.

ಕಾಸರಗೋಡಿನಲ್ಲೇ ನವೀಕರಿಸಬಹುದೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಲೈಸೆನ್ಸ್ ಎಲ್ಲಿಯದೇ ಇರಲಿ, ಯಾವುದೇ ಲೈಸೆನ್ಸಿಂಗ್ ಅಧಿಕಾರಿ ಅದನ್ನು ನವೀಕರಿಸಬಹುದು, ನವೀಕರಿಸಿದ ಮೇಲೆ ಮೂಲ ಕಚೇರಿಗೆ ತಿಳಿಸಬೇಕು ಎಂದು ಕಾಯ್ದೆಯ 15ನೇ ಕಲಮಿನಲ್ಲೇ ಇದೆ. ಕಾಸರಗೋಡು 1956ರ ನವೆಂಬರ್ 1ರ ತನಕ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡಕ್ಕೆ ಸೇರಿತ್ತು, ಆಮೇಲೆ ಕೇರಳದ ಕಣ್ಣೂರು ಜಿಲ್ಲೆಗೆ. ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ಕ್ಕೆ. ಆಡಳಿತ ತೆಂಕಣಕ್ಕೆ ಸರಿದರೂ ಕುಂಬಳೆ, ಮಂಜೇಶ್ವರ, ಪೆರ್ಲದವರ ದುಡಿಮೆ, ವ್ಯಾಪಾರ, ಓದು ಎಲ್ಲ ಮಂಗಳೂರು, ಪುತ್ತೂರು, ವಿಟ್ಲದ ಜೊತೆಗೇ ಉಳಿಯಿತು. ಗಡಿನಾಡಿನ ಪೆಟ್ಟಿಗೆಗಳಲ್ಲಿ ಮಂಗಳೂರಿನ ಮೊಹರಿನ ಪುಸ್ತಕಗಳು ಸಿಗುವುದು ಹೀಗೆ.

ತೊಡಕು ಇರುವುದು ಕಾನೂನಿನಲ್ಲಿ ಅಲ್ಲ, ದಾಖಲೆಯಲ್ಲಿ. ಈಗ ಎಲ್ಲ ಕೆಲಸವೂ ಸಾರಥಿ ಎಂಬ ರಾಷ್ಟ್ರೀಯ ಆನ್‌ಲೈನ್ ವ್ಯವಸ್ಥೆಯಲ್ಲಿ. ಕೈಬರಹದ ಪುಸ್ತಕಗಳು ತಾವಾಗಿ ಅದರೊಳಗೆ ಬಂದಿಲ್ಲ; ಕಚೇರಿಯವರು ಹಳೆಯ ರಿಜಿಸ್ಟರ್ ನೋಡಿ ಸೇರಿಸಿದ್ದರೆ ಮಾತ್ರ ಉಂಟು. ಮೊದಲು ನೀವೇ ಹುಡುಕಿ ನೋಡಿ. ಸಾರಥಿಯ ಸಂಖ್ಯೆಗೆ ಒಟ್ಟು 15 ಸ್ಥಾನ: ರಾಜ್ಯದ ಎರಡು ಅಕ್ಷರ, ಕಚೇರಿಯ ಎರಡು ಅಂಕಿ, ವರ್ಷದ ನಾಲ್ಕು ಅಂಕಿ, ಉಳಿದ ಏಳು ಸ್ಥಾನ ಕ್ರಮಸಂಖ್ಯೆಗೆ. ಪುಸ್ತಕದ ಕ್ರಮಸಂಖ್ಯೆ 1234 ಎಂದಿದ್ದರೆ ಎದುರು ಮೂರು ಸೊನ್ನೆ ಸೇರಿಸಿ 0001234 ಮಾಡಬೇಕು. ಮಂಗಳೂರಿನ ಸಂಕೇತ ಕೆಎ19 ಸೇರಿ ಇಡೀ ಸಂಖ್ಯೆ ಕೆಎ19 1986 0001234 ಎಂದಾಗುತ್ತದೆ. 1986ರಲ್ಲಿ ಕೆಎ19 ಎಂಬ ಸಂಕೇತವೇ ಇರಲಿಲ್ಲವಲ್ಲ ಎಂದು ಅನುಮಾನ ಪಡಬೇಡಿ, ಹಳೆಯ ಪುಸ್ತಕಗಳನ್ನೂ ಇದೇ ಅಚ್ಚಿಗೆ ಇಳಿಸುತ್ತಾರೆ. ಜನ್ಮದಿನಾಂಕ ಪುಸ್ತಕದಲ್ಲಿ ಇದ್ದ ಹಾಗೇ ಕೊಡಿ. ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ದಿನಾಂಕ ಇರುವುದು ಆ ಪ್ರಾಯದವರಲ್ಲಿ ಸಾಮಾನ್ಯ, ಹುಡುಕಾಟ ಹೆಚ್ಚಾಗಿ ಅಲ್ಲೇ ತಪ್ಪುತ್ತದೆ.

ಸಿಗದಿದ್ದರೆ ಮಂಗಳೂರು ಕಚೇರಿಗೆ ಅರ್ಜಿ ಹಾಕಿ, ಪುಸ್ತಕದ ಎಲ್ಲ ಪುಟಗಳ ಪ್ರತಿ ಇಟ್ಟು, ದಾಖಲೆ ಸೇರಿಸಿಕೊಡಲು ಕೇಳಬೇಕು. ಎಲ್ಲ ಪುಟ ಅಂದರೆ ಫೋಟೋ ಪುಟ, ವರ್ಗಗಳ ಪುಟ, ನವೀಕರಣದ ಮೊಹರುಗಳು, ಕೊನೆಗೆ ಬರೀ ಗೀಟು ಎಳೆದ ಖಾಲಿ ಪುಟ ಕೂಡ. ಲಾರಿ ಸೇರಿಸಿದ ಬರಹ ಹಲವು ಪುಸ್ತಕಗಳಲ್ಲಿ ಹಿಂದಿನ ಪುಟದಲ್ಲಿ ಎಲ್ಲೋ ಇರುತ್ತದೆ, ಅದು ಬಿಟ್ಟುಹೋದರೆ ಆ ವರ್ಗವೇ ಬಿಟ್ಟುಹೋಗುತ್ತದೆ. ದಾಖಲೆ ಸೇರಿದ ಬಳಿಕ ಕಾಸರಗೋಡು ಕಚೇರಿಯಲ್ಲಿ ವಿಳಾಸ ಬದಲಾವಣೆಯ ಜೊತೆ ನವೀಕರಣಕ್ಕೆ ಅರ್ಜಿ. ಕನ್ನಡದ ಮೊಹರು, ಕನ್ನಡ ಕೈಬರಹ ಅಲ್ಲಿ ಎಲ್ಲರಿಗೂ ಓದಲು ಬರುತ್ತದೆಂದು ಎಣಿಸುವುದು ಬೇಡ. ಯಾವ ಪುಟದಲ್ಲಿ ಏನು ಬರೆದಿದೆ ಎಂದು ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದು ಲಗತ್ತಿಸಿದರೆ ಒಂದು ಓಡಾಟ ಉಳಿಯುತ್ತದೆ.

ಈ ತಾಪತ್ರಯ ತಪ್ಪಿಸಲು ‘ಹಳೆಯ ಲೈಸೆನ್ಸ್ ಇಲ್ಲವೇ ಇಲ್ಲ’ ಎಂದು ಬರೆದು ಹೊಸತು ಮಾಡಿಸಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದಕ್ಕೆ ಕಿವಿಗೊಡಬೇಡಿ. ಚಾಲ್ತಿಯಲ್ಲಿರುವ ಎರಡು ಲೈಸೆನ್ಸ್ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಕರ್ನಾಟಕದ್ದೊಂದು, ಕೇರಳದ್ದೊಂದು ಎಂದು ಎರಡು ಕಾರ್ಡ್ ಇಟ್ಟುಕೊಂಡವರು ಗಡಿಯಲ್ಲಿ ಇದ್ದಾರೆ. ಒಂದೇ ವ್ಯವಸ್ಥೆಯಲ್ಲಿ ಎರಡೂ ಕಾಣುವ ಈ ಕಾಲದಲ್ಲಿ ಅವರು ಒಂದನ್ನು ಬೇಗ ಒಪ್ಪಿಸುವುದು ಒಳ್ಳೆಯದು. ಒಂದು ಕಾರ್ಡ್ ಇಡೀ ದೇಶಕ್ಕೆ ಸಾಕು. ಗಡಿಯ ತಲಪಾಡಿ ದಾಟಿದ ಕೂಡಲೇ ಅದರ ಬಲ ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಅವಧಿ ಮುಗಿದು ಒಂದು ವರ್ಷ ದಾಟಿರುವುದರಿಂದ ನೀವು ಚಾಲನಾ ಪರೀಕ್ಷೆ ಎದುರಿಸಲೇಬೇಕು. 2019ರ ತಿದ್ದುಪಡಿಗೆ ಮೊದಲು ಈ ಗಡುವು ಐದು ವರ್ಷ ಇತ್ತು, ಮುಗಿದ ಮೇಲೆ 30 ದಿನದ ರಿಯಾಯಿತಿಯೂ ಇತ್ತು. ಆ ತಿದ್ದುಪಡಿಯಲ್ಲಿ ಎರಡೂ ಹೋದವು. ಕೊಲ್ಲಿಯಲ್ಲಿರುವ ಓದುಗರು ಇದನ್ನು ವಿಶೇಷವಾಗಿ ಗಮನಿಸಬೇಕು: ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ರಜೆಯಲ್ಲಿ ಊರಿಗೆ ಬಂದಾಗ ದಿನಾಂಕ ನೋಡಿ ಆ ಕೆಲಸ ಮುಗಿಸಿಕೊಂಡು ಹೋಗಿ. 55 ದಾಟಿದವರಿಗೆ ಒಮ್ಮೆಗೆ ಸಿಗುವುದು ಐದು ವರ್ಷ. 40 ದಾಟಿದ ಎಲ್ಲರಿಗೂ ಫಾರಂ 1ಎ, ಅಂದರೆ ವೈದ್ಯರ ಪ್ರಮಾಣಪತ್ರ ಬೇಕು. ಕಣ್ಣಿನ ವಿಷಯದಲ್ಲಿ, ಅರ್ಜಿದಾರರೇ ತುಂಬುವ ಫಾರಂ 1ರ ಪ್ರಶ್ನೆ ಸರಳ: ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೆಯೇ? ಅಂಗಳದಿಂದ 25 ಮೀಟರ್ ಅಳೆದು ಕಾರು ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿ ಓದಿ ನೋಡಿ. ಆಗದಿದ್ದರೆ ಮೊದಲು ಕನ್ನಡಕ, ಆಮೇಲೆ ಅರ್ಜಿ.

ಕೊಲ್ಲಿಯಲ್ಲಿ ಇಷ್ಟು ವರ್ಷ ಬಲಬದಿಯ ಸಂಚಾರದಲ್ಲಿ ಓಡಿಸಿದ್ದರೆ ನಿಮಗೆ ಪರೀಕ್ಷೆಗಿಂತ ಪರೀಕ್ಷೆಯ ನಂತರದ ಮೊದಲ ತಿಂಗಳು ಕಷ್ಟ. ಖಾಲಿ ರಸ್ತೆಯಲ್ಲಿ ಎಡಬದಿ ನೆನಪಿರುತ್ತದೆ. ತಪ್ಪುವುದು ಗೇಟಿನಿಂದ ಹೊರಗೆ ಬರುವಾಗ, ಪೆಟ್ರೋಲ್ ಪಂಪಿನಿಂದ ತಿರುಗುವಾಗ, ಬಲಕ್ಕೆ ತಿರುಗಿ ಇನ್ನೊಂದು ರಸ್ತೆ ಸೇರುವಾಗ. ಅಲ್ಲಿ ಕಣ್ಣು ಮೊದಲು ಬಲಕ್ಕೆ ಹೋಗಬೇಕು, ಅಭ್ಯಾಸ ಎಡಕ್ಕೆ ಎಳೆಯುತ್ತದೆ. ತಿರುವು ತೆಗೆಯುವಾಗ ಯಾವ ಬದಿಗೆ ಸೇರುತ್ತೇನೆಂದು ಗಟ್ಟಿಯಾಗಿ ಹೇಳಿಕೊಂಡೇ ತಿರುಗಿಸಿ, ಸಂಕೋಚ ಬೇಡ.

ಇನ್ನು ಮಗಳ ವಿಷಯ. ಅವಳು ಪುತ್ತೂರಿನ ಶಾಲೆಯಲ್ಲಿ ಕಲಿಯುತ್ತಿದ್ದಾಳೋ ಬದಿಯಡ್ಕದಲ್ಲೋ ನೀವು ಬರೆದಿಲ್ಲ. ವಾಸ ಇರುವ ರಾಜ್ಯದಲ್ಲಿ ಅಥವಾ ಕಲಿಸುವ ಡ್ರೈವಿಂಗ್ ಶಾಲೆ ಇರುವ ರಾಜ್ಯದಲ್ಲಿ ಅರ್ಜಿ ಹಾಕಲು ಕಾನೂನು ಬಿಡುತ್ತದೆ. ಎಲ್ಲಿ ಶುರುಮಾಡಿದರೋ ಅಲ್ಲೇ ಲರ್ನರ್ಸ್, ಡ್ರೈವಿಂಗ್ ಟೆಸ್ಟ್ ಎರಡನ್ನೂ ಮುಗಿಸಲಿ. ಲರ್ನರ್ಸ್‌ಗೆ ಆರು ತಿಂಗಳ ಅವಧಿ, ಸಿಕ್ಕಿ 30 ದಿನ ಆಗದೆ ಟೆಸ್ಟ್ ಇಲ್ಲ. ಮನೆಯ ಕಾರಿನಲ್ಲಿ ಅಭ್ಯಾಸ ಮಾಡಿಸುವುದಾದರೆ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು ಎಲ್ ಫಲಕ ಬೇಕು: 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ. ಪಕ್ಕದಲ್ಲಿ ಕೂರುವವರಿಗೆ ಚಾಲ್ತಿಯ ಲೈಸೆನ್ಸ್ ಇರಬೇಕು. ಅಂದರೆ ನಿಮ್ಮದು ನವೀಕರಣವಾಗುವ ತನಕ ನೀವು ಕಲಿಸುವ ಹಾಗಿಲ್ಲ.

ಎಚ್ ಬಗ್ಗೆ ನಿಮ್ಮ ದೂರು ನ್ಯಾಯವಾದದ್ದು. ಎಚ್ ಅಕ್ಷರದ ಆಕಾರದಲ್ಲಿ ನೆಟ್ಟ ಕಂಬಗಳ ನಡುವೆ ಮುಂದೆ ಹೋಗಿ, ಹಿಂದೆ ಬಂದು, ಯಾವುದನ್ನೂ ಮುಟ್ಟದೆ ಮುಗಿಸುವುದು ಒಳ್ಳೆಯ ಪರೀಕ್ಷೆಯೇ. ಅದನ್ನು ಬಾಯಿಪಾಠ ಮಾಡಿಸುವುದು ತಪ್ಪು. ಹಿಂದಿನ ಗಾಜಿನ ಮೂಲೆಗೆ ಕಂಬ ಬಂದಾಗ ಪೂರ್ತಿ ಬಲಕ್ಕೆ, ಕನ್ನಡಿಯಲ್ಲಿ ಇನ್ನೊಂದು ಕಂಡಾಗ ಒಂದೂವರೆ ಸುತ್ತು ಎಡಕ್ಕೆ ಎಂದು ಗುರುತು ಕೊಟ್ಟು ಕಲಿಸಿದರೆ ಆ ಕಾರಿನಲ್ಲಿ, ಆ ಮೈದಾನದಲ್ಲಿ ಮಾತ್ರ ಪಾಸ್. ಕಾರು ಬದಲಾದ ದಿನ ಗುರುತೂ ಹೋಯಿತು. ದ್ವಿಚಕ್ರದಲ್ಲೂ ಇದೇ ಆಗುತ್ತಿತ್ತು. ಕೈಯಲ್ಲಿ ಗೇರ್ ತಿರುಗಿಸುವ ಬಜಾಜ್ ಎಂ80ಯಲ್ಲಿ ಎಂಟು ಹಾಕಿ ಲೈಸೆನ್ಸ್ ಪಡೆದವರು ಮರುದಿನ ಕಾಲ್ಗೇರಿನ ಬೈಕ್ ಹತ್ತುತ್ತಿದ್ದರು. ಕೇರಳದಲ್ಲಿ 2024ರಲ್ಲಿ ಎಂ80ಯನ್ನು ಪರೀಕ್ಷೆಯಿಂದ ಕೈಬಿಟ್ಟದ್ದು ಸರಿಯಾದ ಕ್ರಮ.

ಹಳೆಯ ಪಾಠದಲ್ಲಿ ಮೊದಲಾಗಿ ಉಳಿಸಿಕೊಳ್ಳಬೇಕಾದದ್ದು ಕ್ಲಚ್. ಸಮತಟ್ಟಾದ ಜಾಗದಲ್ಲಿ ಎಂಜಿನ್ ಚಾಲೂ ಮಾಡಿ, ಮೊದಲ ಗೇರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಮಾತ್ರ ನಿಧಾನಕ್ಕೆ ಬಿಡಲಿ. ಎಲ್ಲೋ ಒಂದು ಕಡೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಗಾಡಿ ಮೆಲ್ಲ ಜಗ್ಗುತ್ತದೆ. ಪಾದ ಅಲ್ಲೇ ನಿಲ್ಲಬೇಕು. ಆ ಜಾಗ ಪಾದಕ್ಕೆ ಗೊತ್ತಾಗುವ ತನಕ ಬೇರೆ ಪಾಠ ಬೇಡ. ಮುಂದಿನದು ಏರು. ಕೆಂಪುಕಲ್ಲಿನ ನಮ್ಮ ಗುಡ್ಡಗಳಲ್ಲಿ ಮನೆಯ ದಾರಿಯೇ ಪರೀಕ್ಷೆಯ ಏರಿಗಿಂತ ಕಡಿದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು, ಮೊದಲ ಗೇರ್ ಹಾಕಿ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಕ್ಲಚ್ ಬಿಡುತ್ತ ಬಂದಾಗ ಬಾನೆಟ್ ಸ್ವಲ್ಪ ಮೇಲೇಳುತ್ತದೆ, ಸದ್ದು ಭಾರವಾಗುತ್ತದೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ, ಆಕ್ಸಿಲರೇಟರ್ ಒತ್ತಿ, ಕ್ಲಚ್ ಪೂರ್ತಿ ಬಿಡಬೇಕು. ಹ್ಯಾಂಡ್‌ಬ್ರೇಕ್ ಬೇಗ ಇಳಿಸಿದರೆ ಗಾಡಿ ಹಿಂದೆ ಜಾರುತ್ತದೆ. ಆಕ್ಸಿಲರೇಟರ್ ಕಡಿಮೆಯಾದರೆ ಎಂಜಿನ್ ನಿಲ್ಲುತ್ತದೆ. ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ಏರಿನಲ್ಲಿ ಹಿಡಿದು ನಿಂತರೆ ಪ್ಲೇಟ್ ಕಾದು ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದ ದಿನ ಅಭ್ಯಾಸ ನಿಲ್ಲಿಸಿ.

ಹಳೆಯ ಡ್ರೈವರರ ಕೈಯಲ್ಲಿ ಡಬಲ್ ಕ್ಲಚ್ ಒಂದು ವಿದ್ಯೆಯೇ ಆಗಿತ್ತು. ಅಂಬಾಸಿಡರಿನ ಮೊದಲ ಗೇರಿಗೂ ವಿಲ್ಲಿಸ್ ಮಾದರಿಯ ಜೀಪಿನ ಮೊದಲ ಗೇರಿಗೂ ಸಿಂಕ್ರೋಮೆಶ್ ಇರಲಿಲ್ಲ. ಅಂದರೆ ಬೇರೆ ಬೇರೆ ವೇಗದಲ್ಲಿ ತಿರುಗುವ ಹಲ್ಲುಗಳನ್ನು ಸಮ ವೇಗಕ್ಕೆ ತರುವ ಏರ್ಪಾಡು ಪೆಟ್ಟಿಗೆಯೊಳಗೆ ಇಲ್ಲ, ಆ ಕೆಲಸ ಡ್ರೈವರನದೇ. ಎರಡರಿಂದ ಒಂದಕ್ಕೆ ಇಳಿಸಲು ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರಿಗೆ ಒಂದು ಒತ್ತು ಕೊಟ್ಟು ಒಳಗಿನ ಹಲ್ಲುಗಳ ವೇಗ ಏರಿಸಿ, ಮತ್ತೆ ಕ್ಲಚ್ ಒತ್ತಿ ಗೇರ್ ಹಾಕಬೇಕು. ಒತ್ತು ಕಡಿಮೆಯಾದರೆ ಕರಕರ ಸದ್ದು, ಹಲ್ಲಿನ ಅಂಚು ಸವೆತ. ಏರಿನ ನಡುವೆ ಗೇರ್ ಬೀಳದಿದ್ದರೆ ಕ್ಲೀನರ್ ಜಿಗಿದು ಚಕ್ರದ ಹಿಂದೆ ಕಲ್ಲು ಕೊಡಬೇಕಾಗುತ್ತಿತ್ತು. ಇಂದಿನ ಕಾರಿಗೆ ಇದು ಬೇಡ, ಮಗಳಿಗೆ ಕಲಿಸುವುದೂ ಬೇಡ. ಆದರೆ ಯಾವ ವೇಗಕ್ಕೆ ಯಾವ ಗೇರ್ ಎಂದು ಕಿವಿಯಿಂದಲೇ ತಿಳಿಯುವ ಅಭ್ಯಾಸ ಹುಟ್ಟಿದ್ದು ಅದರಿಂದ, ಆ ಅಭ್ಯಾಸ ಅವಳಿಗೂ ಬೇಕು. ಸ್ಪೀಡೋಮೀಟರ್ ನೋಡದೆ ಸದ್ದು ಕೇಳಿ ಗೇರ್ ಬದಲಿಸಲು ಹೇಳಿ.

ಸ್ಟಿಯರಿಂಗ್ ಬುಡದ ಗೇರ್ ಇದ್ದ ಕಾರುಗಳಲ್ಲಿ ಸರಳುಗಳ ಕೀಲು ಸವೆದು ಎರಡು ಗೇರಿನ ನಡುವೆ ಸಿಕ್ಕಿಕೊಂಡರೆ ಬಾನೆಟ್ ಎತ್ತಿ ಕೈಯಿಂದ ಸರಳು ಸರಿಸುವುದು, ಬೇಸಿಗೆಯಲ್ಲಿ ಪೆಟ್ರೋಲ್ ಪಂಪ್ ಕಾದು ಆವಿ ಕಟ್ಟಿ ಎಂಜಿನ್ ನಿಂತರೆ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು, ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ಹಾಕಿ ತಿರುಗಿಸುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಯಲ್ಲೇ ಇಟ್ಟು ಕೆಳಗಿನಿಂದ ಮೇಲಕ್ಕೆ ಎಳೆಯುವುದು, ಇವೆಲ್ಲ ಆ ಗಾಡಿಗಳ ಜೊತೆಗೇ ಮುಗಿದವು. ಹೆಬ್ಬೆರಳು ಸುತ್ತಿ ಹಿಡಿದವರ ಮಣಿಕಟ್ಟು ಎಂಜಿನ್ನಿನ ಹಿಂದೇಟಿಗೆ ಮುರಿಯುತ್ತಿದ್ದ ಕಾರಣ ಈ ಪಾಠವನ್ನು ಬೈದೇ ಕಲಿಸುತ್ತಿದ್ದರು.

ಕೆಲವು ಹಳೆಯ ಪಾಠಗಳನ್ನು ಮಾತ್ರ ಮರೆಯಲೇಬೇಕು, ಯಾಕೆಂದರೆ ಈಗ ಅವು ಅಪಾಯ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡುವುದು ಮೊದಲನೆಯದು. ಹಳೆಯ ಜೀಪಿನ ಬ್ರೇಕಿಗೆ ಎಂಜಿನ್ನಿನ ನೆರವು ಇರಲಿಲ್ಲ, ಆದ್ದರಿಂದ ಎಂಜಿನ್ ನಿಂತರೂ ಪೆಡಲ್ ಹಾಗೇ ಇರುತ್ತಿತ್ತು. ಈಗಿನ ಕಾರಿನಲ್ಲಿ ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತಿದರೆ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಬಂದಡ್ಕ, ಅಡೂರು ಕಡೆಯ ಇಳಿಜಾರುಗಳಲ್ಲಿ ಅಷ್ಟು ಸಾಕು ಅನಾಹುತಕ್ಕೆ. ಹತ್ತಲು ಯಾವ ಗೇರ್ ಬೇಕಾಯಿತೋ ಇಳಿಯಲೂ ಅದೇ ಗೇರ್ ಎಂಬ ಹಿರಿಯರ ಮಾತು ಇಂದಿಗೂ ಸರಿ. ಎರಡನೆಯದು ಬ್ರೇಕನ್ನು ಪದೇ ಪದೇ ಒತ್ತಿ ಬಿಡುವುದು. ಆಗ ಬ್ರೇಕ್ ಎಣ್ಣೆಗೆ ಒಂದೇ ದಾರಿ, ಎಲ್ಲಿ ಸೋರಿದರೂ ನಾಲ್ಕು ಚಕ್ರದ ಬ್ರೇಕೂ ಹೋಗುತ್ತಿತ್ತು, ಆದ್ದರಿಂದ ಪಂಪ್ ಮಾಡಲು ಕಲಿಸುತ್ತಿದ್ದರು. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು, ಕಡ್ಡಾಯ. ತುರ್ತಿನಲ್ಲಿ ಜೋರಾಗಿ ಒತ್ತಿ ಹಿಡಿಯಬೇಕು, ಪಾದದಡಿ ಪೆಡಲ್ ನಡುಗಿದರೆ ಹೆದರಿ ಬಿಡಬಾರದು. ಒಂದು ಬೆಳಿಗ್ಗೆ ಖಾಲಿ ಮೈದಾನದಲ್ಲಿ 30 ಕಿಲೋಮೀಟರ್ ವೇಗದಿಂದ ಒಮ್ಮೆ ಹಾಗೆ ನಿಲ್ಲಿಸಿ ತೋರಿಸಲು ಶಾಲೆಯವರನ್ನೇ ಕೇಳಿ. ಸ್ಟಿಯರಿಂಗನ್ನು ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿ ಹಿಡಿಯುವುದೂ ಹಳತಾಯಿತು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಒಂಬತ್ತು ಮತ್ತು ಮೂರು ಸುರಕ್ಷಿತ.

ಕೈಸನ್ನೆಗಳನ್ನು ಕಲಿಸಿ. ಮಳೆಗಾಲದಲ್ಲಿ ಫ್ಯೂಸ್ ಹೋಗಿ ಇಂಡಿಕೇಟರ್ ಸತ್ತ ದಿನ ಬೇಕಾಗುತ್ತದೆ, ಬೈಕಿನವರಿಗಂತೂ ದಿನವೂ ಬೇಕು. ಬಲಕ್ಕೆ ತಿರುಗಲು ಬಲಗೈ ನೇರ ಹೊರಗೆ, ಅಂಗೈ ಮುಂದಕ್ಕೆ. ಎಡಕ್ಕಾದರೆ ಅದೇ ಬಲಗೈ ಚಾಚಿ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು. ನಿಧಾನಿಸಲು ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸುವುದು, ನಿಲ್ಲಲು ಮುಂಗೈ ನೆಟ್ಟಗೆ ಮೇಲಕ್ಕೆ.

ಕೊನೆಗೆ ಪುಸ್ತಕವನ್ನು ಇಡುವ ಕ್ರಮ. ಲ್ಯಾಮಿನೇಟ್ ಮಾಡಿಸಬೇಡಿ. ಕೇರಳದಲ್ಲಿ 2023ರ ತನಕ ಲೈಸೆನ್ಸ್ ಕಾರ್ಡುಗಳೇ ಲ್ಯಾಮಿನೇಟ್ ಮಾಡಿದವು ಆಗಿದ್ದರಿಂದ ಹಾಗೆ ಮಾಡುವುದು ಸರಿ ಎಂದು ಹಲವರು ತಿಳಿದಿದ್ದಾರೆ. ಹಳೆಯ ಕಾಗದದಲ್ಲಿ ಕರಾವಳಿಯ ತೇವ ಕೂತಿರುತ್ತದೆ. ಬಿಸಿ ಪ್ಲಾಸ್ಟಿಕ್ ಒಳಗೆ ಅದು ಸಿಕ್ಕಿಬಿದ್ದು ಶಾಯಿ ಹರಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಕಚೇರಿಯವರಿಗೂ ಮೂಲ ಕಾಗದ ಮುಟ್ಟಿ ನೋಡಲು ಆಗಬೇಕು. ಪುಟಗಳು ಅಂಟಿದ್ದರೆ ಬಲವಂತ ಬೇಡ, ನೆರಳಿನಲ್ಲಿ ಫ್ಯಾನಿನ ಕೆಳಗೆ ಎರಡು ಮೂರು ದಿನ ಒಣಗಲಿ, ಇಸ್ತ್ರಿ ಪೆಟ್ಟಿಗೆ ದೂರ ಇರಲಿ. ಫೋಟೋದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬಿದ್ದ ಮೊಹರೇ ಅದು ಅಸಲಿ ಎಂಬುದಕ್ಕೆ ಸಾಕ್ಷಿ, ಆದ್ದರಿಂದ ಸಡಿಲಾದ ಫೋಟೋವನ್ನು ನೀವಾಗಿ ಗೋಂದು ಹಾಕಿ ಅಂಟಿಸಬೇಡಿ. ಮಾಸಿದ ಮೊಹರು ಓದಲು ಟಾರ್ಚನ್ನು ಪುಟದ ಬದಿಯಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ, ನೇರ ಬೆಳಕಿನಲ್ಲಿ ಕಾಣದ ಗೆರೆಗಳು ಆಗ ಕಾಣುತ್ತವೆ. ಕಚೇರಿಗೆ ಒಪ್ಪಿಸುವ ಮೊದಲೇ ಎಲ್ಲ ಪುಟ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಕೆಲಸ ಮುಗಿದ ಬಳಿಕ ಪುಸ್ತಕ ವಾಪಸು ಬೇಕೆಂದು ಅರ್ಜಿಯಲ್ಲೇ ಬರೆಯಿರಿ.